ಮಾಗಿ ಬಂದರೆ ನಮ್ಮತ್ತೆ ಮನೆಯಲ್ಲಿರುತ್ತಿರಲಿಲ್ಲ

ಹೆಣ್ಣು ನೋಡಲು ಬಂದವರು ಹೆಣ್ಣನ್ನು ಬಿಟ್ಟು ನಾಯಿಯನ್ನು ನೋಡಿಕೊಂಡು ಹೋದದ್ದನ್ನು ಎಲ್ಲಾದರೂ ಕೇಳಿದ್ದೀರಾ? ಕೇಳಿರಲಾರಿರಿ. ಹಾಗೆ ಹೆಣ್ಣು ನೋಡಿದವರು ಇಡೀ ಚಿತ್ರದುರ್ಗ ಜಿಲ್ಲೆಗೆ ಒಬ್ಬರೇ, ಅವರು ಸರಿಯಾಗಿ ನನ್ನ ಪಾಲಿಗೇ ಅತ್ತೆಯಾಗಿ ಬಂದರು!

ನನ್ನ ತವರು ಹಿರಿಯೂರು. ತೊಂಬತ್ತರ ದಶಕದ ನಡುವಿನ ಮಾತು. ಅಮ್ಮ ಬೆಳಿಗ್ಗೆಯೇ ಕೇಸರಿಬಾತು ಮಾಡಿ, ನನ್ನ ಜಡೆಗೆ ಎರಡು ಮೊಳ ಮಲ್ಲಿಗೆ ಮುಡಿಸಿ ಕೂರಿಸಿದ್ದಳು. ಹೊಳಲ್ಕೆರೆಯಿಂದ ಹುಡುಗ, ಹುಡುಗನ ತಾಯಿ, ಹುಡುಗನ ಸೋದರಮಾವ ಮೂವರು ಬಂದರು. ನಾನು ತಲೆ ತಗ್ಗಿಸಿ ಕಾಫಿ ತಂದೆ. ಹುಡುಗ ನನ್ನನ್ನು ನೋಡಿದ. ಸೋದರಮಾವ ಕೇಸರಿಬಾತನ್ನು ನೋಡಿದರು. ಹುಡುಗನ ತಾಯಿ ಮಾತ್ರ ಕಿಟಕಿಯಿಂದಾಚೆ, ಹಿತ್ತಲಲ್ಲಿ ಮಲಗಿದ್ದ ನಮ್ಮ ನಾಯಿಯನ್ನು ನೋಡುತ್ತಿದ್ದರು.

"ಅದು ನಿಮ್ ನಾಯಿನೇನ್ರಿ?"

ಅಪ್ಪ ಗಾಬರಿಯಾಗಿ, "ಹೂಂನ್ರಿ, ಕಚ್ಚಲ್ಲ, ನೀವು ಕುಂತ್ಕಳ್ರಿ" ಅಂದರು.

"ಕಚ್ಚೋ ಮಾತಲ್ರಿ. ಅದರ ಕಿವಿ ನೋಡ್ರಿ. ಆ ಬಾಲ ನೋಡ್ರಿ, ಸುತ್ತಿಲ್ಲ, ನೆಟ್ಟಗೆ ಇಳೀ ಬಿಟ್ಟೈತೆ. ಇದರ ಮುತ್ತಾತ ಯಾವನೋ ತ್ವಾಳನೇ ಇರ್ಬೇಕು."

ಹಾಗೆಂದವರೇ ಎದ್ದು ಹಿತ್ತಲಿಗೆ ಹೋದರು. ಅರ್ಧ ಗಂಟೆ ನಾಯಿಯ ಮುಂದೆ ಕುಕ್ಕರುಗಾಲಲ್ಲಿ ಕೂತು ಅದರ ತಾಯಿ ಯಾರು, ತಂದೆ ಯಾವ ಕಡೆಯವನು, ಒಡಹುಟ್ಟಿದವರು ಎಷ್ಟು ಜನ ಎಂದೆಲ್ಲ ವಿಚಾರಿಸಿದರು. ನನ್ನ ವಿಷಯದಲ್ಲಿ ಇದರಲ್ಲಿ ಒಂದನ್ನಾದರೂ ಕೇಳಬಾರದೆ! ಹೊರಡುವ ಹೊತ್ತಿಗೆ ಅಮ್ಮ ಅಳುಕುತ್ತಾ, "ನಮ್ ಹುಡುಗಿ..." ಎಂದು ರಾಗ ಎಳೆದಳು.

"ಹುಡುಗಿ ಬಂಗಾರದಂಗವ್ಳೆ, ನಮಗೆ ಒಪ್ಪಿಗೆ. ಜತೆಗೆ ನಾಯಿನೂ ಕಳಿಸ್ತೀರೇನ್ರಿ?"

ನಾಯಿ ಒಪ್ಪಲಿಲ್ಲ. ನಾನು ಒಪ್ಪಿದೆ.

ಹೊಳಲ್ಕೆರೆಗೆ ಬಂದ ಮೇಲೆ ಒಂದೊಂದೇ ತಿಳಿಯುತ್ತಾ ಹೋಯಿತು. ನಮ್ಮತ್ತೆ ಸರ್ಕಾರಿ ನರ್ಸು. ಬಿ.ದುರ್ಗದ ಸುತ್ತಲಿನ ಹಳ್ಳಿ, ಹಟ್ಟಿಗಳಿಗೆಲ್ಲ ಅವರೇ ಹೆರಿಗೆ ಮಾಡಿಸುವವರು, ಅವರೇ ಸೂಜಿ ಹಾಕುವವರು. ಮಾವ ತೀರಿಕೊಂಡು ಆಗಲೇ ಬಹಳ ವರ್ಷಗಳಾಗಿದ್ದವು. ಒಬ್ಬನೇ ಮಗ, ಅಂದರೆ ನನ್ನ ಗಂಡ, ಚಿಕ್ಕಜಾಜೂರು ಸ್ಟೇಷನ್ನಿನಲ್ಲಿ ಟಿಕೆಟ್ ಕೊಡುವ ಕೆಲಸದಲ್ಲಿದ್ದರು. ಯುಗಾದಿಯಿಂದ ದಸರೆಯವರೆಗೆ ಅತ್ತೆ ಎಲ್ಲ ಅತ್ತೆಯರ ಹಾಗೇ ಇದ್ದರು. ಸಾರಿಗೆ ಉಪ್ಪು ಕಡಿಮೆ ಅನ್ನುತ್ತಿದ್ದರು, ಹಾಲು ಉಕ್ಕಿಸಿದರೆ ಗೊಣಗುತ್ತಿದ್ದರು. ನಾನು ನೆಮ್ಮದಿಯಾಗಿದ್ದೆ.

ದೀಪಾವಳಿ ಮುಗಿದ ಮಾರನೆಯ ದಿನ ಅತ್ತೆ ಮನೆಯ ಸೋಪಿನ ಡಬ್ಬಿಯನ್ನು ಎತ್ತಿ ಅಟ್ಟಕ್ಕೆ ಹಾಕಿದರು!

ಇನ್ನು ಸಂಕ್ರಾಂತಿಯವರೆಗೆ ಸೋಪಿಲ್ಲ, ಬರೀ ಕಡಲೆಹಿಟ್ಟು. ತಲೆಗೆ ಎಣ್ಣೆಯಿಲ್ಲ, ಮುಖಕ್ಕೆ ಪೌಡರಿಲ್ಲ. ಹೊಸ ಮದುವಣಗಿತ್ತಿ ನಾನು, ನನ್ನ ಮಲ್ಲಿಗೆಗೂ ಬಂತು ಕುತ್ತು. ಒಂದೇ ಹಗ್ಗದ ಮೇಲೆ ಸೀರೆ ಒಣಗಿಸಿದರೆ ನನ್ನ ಹೂವಿನ ವಾಸನೆ ಅವರ ಸೀರೆಗೆ ಅಂಟುತ್ತದಂತೆ, ಅದು ತೋಳಕ್ಕೆ ಅರ್ಧ ಮೈಲಿಯಿಂದ ಗೊತ್ತಾಗುತ್ತದಂತೆ. ದೇವರಿಗೂ ಊದುಬತ್ತಿಯಿಲ್ಲ, ಬರೀ ದೀಪ.

"ದೇವ್ರಿಗೂ ಇಲ್ವೇನತ್ತೆ?" ಅಂದೆ, ಧೈರ್ಯ ಮಾಡಿ.

"ದೇವ್ರು ಎರಡು ತಿಂಗಳು ಸುಧಾರಿಸ್ಕಂತಾನೆ ತಾಯಿ. ತ್ವಾಳ ಸುಧಾರಿಸ್ಕಳಲ್ಲ."

ಅಂದು ಗಂಡ ಮನೆಗೆ ಬರುವುದನ್ನೇ ಕಾದಿದ್ದು, ಒಳಗೆ ಕರೆದು ಕೇಳಿದೆ: "ನಿಮ್ಮಮ್ಮಂಗೆ ಏನಾಗೈತ್ರಿ?"

ಅವರು ಅಂಗಿ ಬಿಚ್ಚುತ್ತಾ ತಣ್ಣಗೆ, "ಏನೂ ಆಗಿಲ್ಲ. ಚಳಿಗಾಲ ಆಗೈತೆ" ಅಂದರು.

ವಿಷಯ ಇಷ್ಟೇ. ಚಳಿಗಾಲದಲ್ಲಿ ನಮ್ಮತ್ತೆ ತೋಳದ ಫೋಟೋ ತೆಗೆಯುತ್ತಿದ್ದರು. ಭಾನುವಾರ, ರಜಾದಿನ, ಕೂಡಿಟ್ಟ ರಜೆ ಎಲ್ಲವೂ ತೋಳಕ್ಕೇ ಮೀಸಲು. ಮಾಗಿಯಲ್ಲಿ ಕಾವಲಿನ, ಅಂದರೆ ಊರಾಚೆಯ ಮೇವಿನ ಬಯಲಿನ, ಹುಲ್ಲು ಹಳದಿಗೆ ತಿರುಗಿ ಕುಳ್ಳಗಾಗುತ್ತದೆ, ಶೇಂಗಾ ಕಿತ್ತು ಹೊಲಗಳು ಬಯಲಾಗಿರುತ್ತವೆ, ಬೆಳಕು ತೊಳೆದಿಟ್ಟ ಹಾಗಿರುತ್ತದೆ. ತೋಳ ಮರಿ ಹಾಕುವುದೂ ಆಗಲೇ. ಇದೆಲ್ಲ ನನಗೆ ಗೊತ್ತಾದದ್ದು ಅತ್ತೆಯಿಂದ. ಬೇರೆಯವರ ಸೊಸೆಯರು ಅತ್ತೆಯಿಂದ ಮಾವಿನಕಾಯಿ ಉಪ್ಪಿನಕಾಯಿ ಕಲಿತರು, ನಾನು ತೋಳದ ಲದ್ದಿ ಯಾವುದು, ನಾಯಿಯದು ಯಾವುದು ಎಂಬುದನ್ನು ಕಲಿತೆ. ವ್ಯತ್ಯಾಸವನ್ನು ಇಲ್ಲಿ ವಿವರಿಸುವುದಿಲ್ಲ, ಊಟದ ಹೊತ್ತಿಗೆ ಓದುವವರೂ ಇರಬಹುದು.

ಕ್ಯಾಮೆರಾ ಬಂದದ್ದು ಹೊಸದುರ್ಗದಿಂದ. ಅಲ್ಲಿನ ಒಬ್ಬ ಸ್ಟುಡಿಯೋ ಯಜಮಾನನ ಹೆಂಡತಿಗೆ ಹೆರಿಗೆ ಕಷ್ಟವಾದಾಗ ಅತ್ತೆ ಎರಡು ದಿನ ಪಕ್ಕ ಬಿಟ್ಟು ಏಳದೆ ತಾಯಿ ಮಗು ಇಬ್ಬರನ್ನೂ ಉಳಿಸಿಕೊಟ್ಟಿದ್ದರಂತೆ. ಆತ ಸೀರೆ ಕೊಡಲು ಬಂದರೆ ಇವರು ಗೋಡೆಯ ಮೇಲಿನ ಕಪಾಟು ತೋರಿಸಿದರಂತೆ. ಅಲ್ಲಿ ರಷ್ಯಾ ದೇಶದ ಹಳೆಯದೊಂದು ಕ್ಯಾಮೆರಾ, ಅದಕ್ಕೆ ಸೋರೆಕಾಯಿಯಷ್ಟುದ್ದದ ಲೆನ್ಸು. ಮದುವೆಮನೆಯಲ್ಲಿ ಆ ಲೆನ್ಸು ಹಾಕಿದರೆ ಮದುಮಗಳ ಮೂಗುತಿ ಬಿಟ್ಟು ಬೇರೇನೂ ಕಾಣದು, ಹಾಗಾಗಿ ಧೂಳು ಹಿಡಿದು ಕೂತಿತ್ತು. ಅದನ್ನು ನಮ್ಮತ್ತೆ ಎತ್ತಿಕೊಂಡು ಬಂದರು. ಒಂದೇ ದೋಷ: ಗುಂಡಿ ಒತ್ತಿದರೆ ಬಾಗಿಲು ಬಡಿದಷ್ಟು ಸದ್ದು! ಮೊದಲ ಸದ್ದಿಗೇ ತೋಳ ಪರಾರಿ. ನಮ್ಮ ಮನೆಯ ಆಲ್ಬಮ್ ತೆರೆದರೆ ಎಡಗಡೆ ಪುಟದಲ್ಲೆಲ್ಲ ಮುಖ, ಬಲಗಡೆ ಪುಟದಲ್ಲೆಲ್ಲ ಬಾಲ. ಸದ್ದಡಗಿಸಲು ಅತ್ತೆ ಕ್ಯಾಮೆರಾಕ್ಕೆ ಕೂಸಿನ ಕುಲಾವಿ ತೊಡಿಸಿ, ಮೇಲೆ ಫ್ಲಾನೆಲ್ ಬಟ್ಟೆ ಸುತ್ತಿದರು.

ಇದರಿಂದ ಆದ ಅವಾಂತರ ಒಂದೆರಡೇ? ಒಮ್ಮೆ ಸಿರಿಗೆರೆ ಕಡೆಯಿಂದ ಬಸ್ಸಿನಲ್ಲಿ ಬರುತ್ತಿದ್ದೆವು. ಬಸ್ಸಿನ ತುಂಬ ಕಾಲೇಜು ಹುಡುಗರು. ಅತ್ತೆಯ ತೋಳಿನಲ್ಲಿ ಕುಲಾವಿ ತೊಟ್ಟ ಗಂಟು. ಒಬ್ಬ ಹುಡುಗ ಪಾಪ ದಡಬಡಿಸಿ ಎದ್ದು, "ಕೂಸು ಐತೆ, ಕುಂತ್ಕಳ್ರಿ ಅಮ್ಮ" ಅಂದ. ಅತ್ತೆ ಸಂಕೋಚವಿಲ್ಲದೆ ಕೂತರು. ಪಕ್ಕದ ಹೆಂಗಸು ಬಗ್ಗಿ ನೋಡಿ, "ಎಷ್ಟು ತಿಂಗಳಾತ್ರಿ?" ಅಂದಳು.

"ತಿಂಗಳಲ್ಲ, ಹದಿನೈದು ವರ್ಷದ ಮೇಲಾಗೈತೆ."

"ಅಯ್ಯೋ ಶಿವನೇ! ಗಂಡೋ ಹೆಣ್ಣೋ?"

"ರಷ್ಯಾದ್ದು ಕಣವ್ವ."

ಆ ಹೆಂಗಸು ಮುಂದಿನ ಸ್ಟಾಪಿನಲ್ಲೇ ಇಳಿದಳು. ಅದು ಅವಳ ಊರಾಗಿತ್ತೋ ಇಲ್ಲವೋ ದೇವರೇ ಬಲ್ಲ.

ಇನ್ನು ರೀಲು. ಮೂವತ್ತಾರು ಫೋಟೋದ ರೀಲು ಮುಗಿಯದೆ ತೊಳೆಸುವ ಹಾಗಿಲ್ಲ. ಮೂವತ್ತಮೂರು ತೋಳದ ಪಾಲಾದ ಮೇಲೆ ಉಳಿದ ಮೂರರಲ್ಲಿ ಸಂಸಾರ. ಹೀಗಾಗಿ ನಮ್ಮ ಮೊದಲ ಯುಗಾದಿ, ನನ್ನ ಸೀಮಂತ, ಗೃಹಪ್ರವೇಶ ಎಲ್ಲ ಯಾವುದೋ ತೋಳದ ಬೆನ್ನ ಹಿಂದೆಯೇ ಬರುತ್ತವೆ. ಒಮ್ಮೆ ಹೊಸದುರ್ಗದ ಸ್ಟುಡಿಯೋದಲ್ಲಿ ಲಕೋಟೆಗಳು ಅದಲುಬದಲಾಗಿ ಯಾರದೋ ಮದುವೆ ಆಲ್ಬಮ್ಮಿನಲ್ಲಿ, ಧಾರೆಗೂ ಊಟದ ಪಂಕ್ತಿಗೂ ನಡುವೆ, ತೋಳವೊಂದು ನಾಲಿಗೆ ಚಾಚಿಕೊಂಡು ನಿಂತುಬಿಟ್ಟಿತಂತೆ. ಗಂಡಿನ ಕಡೆಯವರು ಅದು ಹೆಣ್ಣಿನ ಕಡೆಯದು ಅಂದರಂತೆ, ಹೆಣ್ಣಿನ ಕಡೆಯವರು ಗಂಡಿನ ಕಡೆಯದು ಅಂದರಂತೆ. ನಮ್ಮ ಲಕೋಟೆಯಲ್ಲಿ ಮಗಳನ್ನು ಒಪ್ಪಿಸಿಕೊಡುವಾಗ ಬಿಕ್ಕುತ್ತಿದ್ದ ಯಾರೋ ತಾಯಿಯ ಚಿತ್ರ ಬಂತು. ನಾನು ಸೆರಗಿನ ತುದಿಯಿಂದ ಕಣ್ಣೊರೆಸಿಕೊಂಡೆ. ಅತ್ತೆ ಕನ್ನಡಕ ಏರಿಸಿಕೊಂಡು ಬಹಳ ಹೊತ್ತು ನೋಡಿ, "ಬೆಳಕು ಚೆನ್ನಾಗಿ ಬಿದ್ದೈತೆ" ಅಂದರು.

ಇಂಥ ಹುಚ್ಚು ಹತ್ತಿದ್ದಾದರೂ ಹೇಗೆ? ಒಂದು ಮಧ್ಯಾಹ್ನ ಅವರೆಕಾಯಿ ಬಿಡಿಸುತ್ತಾ ಅತ್ತೆಯೇ ಹೇಳಿದರು. ಮಾವ ಹೋದ ಮರುವರ್ಷ, ಲಸಿಕೆಯ ಡಬ್ಬಿ ಹೊತ್ತು ಒಂದು ಹಟ್ಟಿಯಿಂದ ಇನ್ನೊಂದು ಹಟ್ಟಿಗೆ ಕಾವಲಿನಲ್ಲಿ ನಡೆದು ಹೋಗುತ್ತಿದ್ದಾಗ, ಬಲಗಡೆ ಒಂದು ಕಲ್ಲೆಸೆತದ ದೂರದಲ್ಲಿ ತೋಳವೊಂದು ಇವರ ಸಮಕ್ಕೇ ನಡೆಯತೊಡಗಿತಂತೆ. ಇವರು ನಿಂತರೆ ಅದೂ ನಿಲ್ಲುವುದು, ಇವರು ನಡೆದರೆ ಅದೂ ನಡೆಯುವುದು. ಹಟ್ಟಿಯ ಬೇಲಿ ಕಂಡ ಮೇಲೆ ತಿರುಗಿ ಹೋಯಿತಂತೆ.

"ಹೆದರಿಕೆ ಆಗಲಿಲ್ವೇನತ್ತೆ?"

"ಆತು, ಮೊದಮೊದ್ಲು. ಆಮೇಲೆ ಅನ್ನಿಸ್ತು, ಗಂಡ ಸತ್ತೋಳು ಒಬ್ಬಳೇ ಎಲ್ಲಿಗೆ ಹೊಂಟ್ಲು, ಯಾಕೆ ಹೊಂಟ್ಲು ಅಂತ ಊರಾಗೆ ಎಲ್ರೂ ಕೇಳೋರು. ಏನೂ ಕೇಳ್ದಲೆ ಜತೆಗೆ ಬಂದಿದ್ದು ಅದೊಂದೇ."

ಅವರೆಕಾಯಿಯಲ್ಲಿ ಹುಳ ಸಿಕ್ಕಿತೆಂದು ಅಷ್ಟಕ್ಕೇ ಮಾತು ನಿಲ್ಲಿಸಿದರು.

ಹೊಸದುರ್ಗದ ರಸ್ತೆಯಲ್ಲಿ ಬಸ್ಸಿಳಿದು ಒಂದು ಮೈಲಿ ನಡೆದರೆ ಅತ್ತೆಯ ಮೆಚ್ಚಿನ ಕಾವಲು. ಅಲ್ಲಿ ಕುರಿ ಮಂದೆ ಬಿಡುತ್ತಿದ್ದವನು ಮೈಲಾರಪ್ಪ. ಅವನ ಮೂರು ಮಕ್ಕಳೂ ಅತ್ತೆಯ ಕೈಯಲ್ಲೇ ಹುಟ್ಟಿದವು, ಹಾಗಾಗಿ ನರ್ಸಮ್ಮ ಎಂದರೆ ಅವನಿಗೆ ಮನೆದೇವರ ನಂತರದ ಸ್ಥಾನ. ಆದರೆ ತೋಳದ ವಿಷಯ ಬಂದರೆ ಇಬ್ಬರಿಗೂ ಎಣ್ಣೆ ಸೀಗೆಕಾಯಿ! ವರ್ಷಕ್ಕೆ ನಾಲ್ಕೈದು ಕುರಿಮರಿಯನ್ನಾದರೂ ತೋಳ ಹೊತ್ತೊಯ್ಯುತ್ತಿತ್ತು, ಅವನ ಹೊಟ್ಟೆಯುರಿ ಅವನಿಗೆ.

"ನಿಮಗೆ ಫೋಟೋ ಬೇಕು, ನಮಗೆ ಮರಿ ಬೇಕು. ನೀವು ಕ್ಯಾಮೆರ ಹಿಡ್ಕಳ್ರಿ, ನಾನು ಕೋಲು ಹಿಡ್ಕಂತೀನಿ."

"ಹಿಡ್ಕಳೋ. ನಾನು ಫೋಟೋ ಹೊಡಿಯೋಗಂಟ ಎತ್ತಬ್ಯಾಡ, ಅಷ್ಟೇ."

ಒಮ್ಮೆ ಅತ್ತೆ ಕರೀ ಕಂಬಳಿ ಹೊದ್ದು, ಮಂದೆಯ ಅಂಚಿನಲ್ಲಿ ಕುರಿಗಳ ನಡುವೆ ಬೋರಲು ಮಲಗಿ ಕಾಯುತ್ತಿದ್ದರು. ದೂರದಲ್ಲಿ ಜಾಲಿಯ ಪೊದೆ ಅಲುಗಿತು. ತೋಳ ತಲೆ ಹೊರಹಾಕಿತು. ಅತ್ತೆ ಉಸಿರು ಬಿಗಿಹಿಡಿದರು. ಅಷ್ಟರಲ್ಲಿ ಮೈಲಾರಪ್ಪನ ಟಗರಿಗೆ ಏನನ್ನಿಸಿತೋ, ಈ ಹೊಸ ಕರೀ ಟಗರು ತನ್ನ ಮಂದೆಯಲ್ಲಿ ಯಾಕೆ ಮಲಗಿದೆ ಅನ್ನಿಸಿತೋ, ಹತ್ತು ಹೆಜ್ಜೆ ಹಿಂದೆ ಸರಿದು ಓಡಿಬಂದು ಗುದ್ದಿತು! ಆ ಫೋಟೋ ಈಗಲೂ ನನ್ನ ಹತ್ತಿರ ಇದೆ. ಮುಕ್ಕಾಲು ಪಾಲು ಆಕಾಶ, ಮೂಲೆಯಲ್ಲಿ ಅತ್ತೆಯದೇ ಒಂದು ಚಪ್ಪಲಿ.

ಮೈಲಾರಪ್ಪ ಎದೆ ಬಡಿದುಕೊಂಡು ಓಡಿಬಂದ. "ನರ್ಸಮ್ಮಾ, ಪೆಟ್ಟಾತೇನ್ರಿ?"

"ನಂಗೇನಾತು ಬಿಡೋ! ಕ್ಯಾಮೆರಾಕ್ಕೇನಾತು ನೋಡು!"

ಹದಿನೈದು ದಿನ ಅತ್ತೆ ಮಗ್ಗುಲು ಬದಲಿಸುವಾಗಲೆಲ್ಲ ಟಗರಿನ ಹೆಸರು ಹೇಳುತ್ತಿದ್ದರು.

ನಗುತ್ತಾ ಹೇಳಿಕೊಂಡು ಬಂದೆ. ಇನ್ನೊಂದು ಚಳಿಗಾಲದ ವಿಷಯ ಉಳಿದಿದೆ.

ಮದುವೆಯಾದ ನಾಲ್ಕನೆಯ ವರ್ಷ ನನಗೆ ಏಳು ತಿಂಗಳಿಗೇ ನೋವು ಕಾಣಿಸಿಕೊಂಡಿತು. ಚಿತ್ರದುರ್ಗದ ಆಸ್ಪತ್ರೆಯಲ್ಲಿ ಹೆರಿಗೆಯಾಯಿತು. ಹೆಣ್ಣುಮಗು. ಉಳಿಯಲಿಲ್ಲ. ಸಾವಿರ ಮಕ್ಕಳನ್ನು ಈ ಲೋಕಕ್ಕೆ ಎಳೆದುಕೊಂಡ ನಮ್ಮತ್ತೆ ಅಂದು ಆ ವರಾಂಡದ ಬೆಂಚಿನ ಮೇಲೆ ಎರಡೂ ಕೈಗಳನ್ನು ತೊಡೆಯ ಮೇಲಿಟ್ಟುಕೊಂಡು ಸುಮ್ಮನೆ ಕೂತಿದ್ದರಂತೆ. ಗಂಡ ಆಮೇಲೆ ಹೇಳಿದರು.

ತವರಿಗೆ ಹೋಗಬೇಕಿತ್ತು ನಾನು. ಅಮ್ಮ ನನ್ನ ಮುಖ ನೋಡಿದಾಗಲೆಲ್ಲ ಅಳುತ್ತಿದ್ದಳು. "ನೀವು ಹಿಂಗೆ ಅತ್ಕಂತ ಕುಂತ್ರೆ ಈ ಹುಡುಗಿಗೆ ನೀರು ಕಾಯ್ಸೋರು ಯಾರು ಬೀಗ್ತಿ? ನನ್ನತ್ರನೇ ಇರ್ಲಿ ಬಿಡ್ರಿ" ಎಂದು ಅತ್ತೆ ನನ್ನನ್ನು ಹೊಳಲ್ಕೆರೆಗೆ ಕರೆತಂದರು. ರಜೆ ಹಾಕಿದರು. ಬಾಣಂತನ ಶುರುಮಾಡಿದರು.

ಹೌದು, ಪೂರ್ತಿ ಬಾಣಂತನ. ದಿನಾ ಮೈಗೆ ಎಣ್ಣೆ ತಿಕ್ಕಿ, ಹಂಡೆ ತುಂಬ ಬಿಸಿನೀರು ಎರೆದು, ತಲೆಗೆ ಬಟ್ಟೆ ಕಟ್ಟಿ, ಮೆಣಸು ಬೆಳ್ಳುಳ್ಳಿಯ ಸಾರಿನಲ್ಲಿ ಬಿಸಿ ಅನ್ನ ಕಲಸಿ ಉಣ್ಣಿಸಿದರು. ಎದೆ ಹಾಲು ಕಟ್ಟಿ ಬಿಗಿದು ಜ್ವರ ಬಂದಾಗ ಬಟ್ಟೆ ಅದ್ದಿ ಅದ್ದಿ ಇಟ್ಟರು. ಮನೆಯಲ್ಲಿ ಎಲ್ಲವೂ ಇತ್ತು, ತೊಟ್ಟಿಲೊಂದಿರಲಿಲ್ಲ. ಪಕ್ಕದ ಮನೆಯವರು ಬಾಗಿಲಲ್ಲಿ ನಿಂತು, "ಕೂಸೇ ಇಲ್ಲ, ಇದೆಲ್ಲ ಯಾಕ್ರಿ ನರ್ಸಮ್ಮ?" ಎಂದದ್ದು ನನಗೆ ಒಳಗೆ ಕೇಳಿಸಿತು. ಅತ್ತೆ ದನಿ ತಗ್ಗಿಸಲೂ ಇಲ್ಲ.

"ಕೂಸಿಲ್ಲ ಅಂತ ಮೈಗೇನು ಗೊತ್ತಮ್ಮ? ಹೆತ್ತ ಮೈ ಹೆತ್ತ ಮೈಯೇ."

ನಾನು ಅಳಲಿಲ್ಲ. ಹಟ ಮಾಡಿ ತಡೆದದ್ದಲ್ಲ, ಅಳುವೇ ಬರಲಿಲ್ಲ. ಉಣ್ಣು ಎಂದರೆ ಉಣ್ಣುತ್ತಿದ್ದೆ, ಮಲಗು ಎಂದರೆ ಮಲಗುತ್ತಿದ್ದೆ. ಚಳಿಗಾಲ ಬಂದಿತ್ತು. ಅತ್ತೆ ಕ್ಯಾಮೆರಾದ ಕಡೆ ತಿರುಗಿಯೂ ನೋಡಿರಲಿಲ್ಲ.

ಇಪ್ಪತ್ತನೆಯ ದಿನವೋ ಏನೋ, ಬೆಳಿಗ್ಗೆ ನೀರೆರೆದು, ಮಂಚದ ಮೇಲೆ ಕೂರಿಸಿ, ಕೆಂಡಕ್ಕೆ ಲೋಬಾನ ಹಾಕಿ ನನ್ನ ಒದ್ದೆ ಕೂದಲಿಗೆ ಹೊಗೆ ಹಿಡಿಯುತ್ತಿದ್ದರು. ಮೈಲಾರಪ್ಪ ಬಂದ. ಕಂಬಳಿ ಹೊದ್ದು, ಕೋಲು ಹಿಡಿದು ಹೊಸ್ತಿಲಾಚೆಯೇ ನಿಂತ. ನಮ್ಮ ಮನೆಯ ಸುದ್ದಿ ಅವನಿಗೆ ತಿಳಿದಿರಲಿಲ್ಲ.

"ನರ್ಸಮ್ಮ, ಈ ಸಲ ಎಂಟು ಮರಿ ಹೋದವು ನಂದು. ಬಿಲ ಸಿಕ್ಕೈತೆ, ಹಳ್ಳದ ದಂಡೆಯಾಗೆ. ಮರಿ ಹಾಕೈತೆ ಅದು. ಹಟ್ಟಿಯೋರೆಲ್ಲ ಸೇರಿ ನಾಳೆ ಹೊಗೆ ಹಾಕಾಣ ಅಂತ ಮಾತಾಡೀವಿ. ನಿಮಗೆ ಹೇಳ್ದಲೆ ಮಾಡಿದ್ರೆ ಸರಿಯಾಗಲ್ಲ ಅಂತ ಬಂದೆ. ನೀವು ಬಂದು ಬೈಯೋದಿದ್ರೆ ಬೈದುಬಿಡ್ರಿ."

ಬೇರೆ ವರ್ಷವಾಗಿದ್ದರೆ ಅತ್ತೆ ಅವನಿಗಿಂತ ಮುಂಚೆ ಬಸ್ ಸ್ಟ್ಯಾಂಡಿನಲ್ಲಿರುತ್ತಿದ್ದರು. ಅಂದು ಕೂತಲ್ಲಿಂದ ಏಳಲಿಲ್ಲ. ನನ್ನ ಕೂದಲನ್ನು ಬೆರಳಿನಿಂದ ಬಿಡಿಸುತ್ತಲೇ ಇದ್ದರು.

"ನೀವು ಹೋಗಿ ಬರ್ರಿ ಅತ್ತೆ" ಅಂದೆ ನಾನು. ಎಷ್ಟೋ ದಿನದ ಮೇಲೆ ನಾನಾಗಿ ಆಡಿದ ಮಾತು ಅದು.

"ಸುಮ್ಕಿರು" ಎಂದು, ಬಾಗಿಲ ಕಡೆ ನೋಡದೆ ಹೇಳಿದರು. "ಬೈಯಕ್ಕೆ ನಂಗೇನು ಹಕ್ಕೈತಪ್ಪ. ಕುರಿ ನಿಂದು, ಹೊಟ್ಟೆ ನಿಂದು. ನಾನು ಬರಕ್ಕಾಗಲ್ಲ. ಇಲ್ಲೂ ಒಂದು ಬಾಣಂತಿ ಐತೆ."

ಮೈಲಾರಪ್ಪ ಬಗ್ಗಿ ಒಳಗೆ ನೋಡಿದ. ತಲೆಗೆ ಬಟ್ಟೆ ಕಟ್ಟಲು ಕಾದು ಕೂತ ನನ್ನನ್ನು ನೋಡಿದ. ತೊಟ್ಟಿಲು ಹುಡುಕುತ್ತಾ ಅವನ ಕಣ್ಣು ಕೋಣೆಯ ನಾಲ್ಕೂ ಮೂಲೆಗೆ ಹೋಗಿ ಬಂತು. ಆಮೇಲೆ ಕೆಂಡದ ಮೇಲಿನ ಹೊಗೆಯನ್ನು ಸ್ವಲ್ಪ ಹೊತ್ತು ನೋಡುತ್ತಾ ನಿಂತ. ಕಾಫಿ ಕುಡಿ ಎಂದರೂ ನಿಲ್ಲಲಿಲ್ಲ, ಹೋಗಿಬಿಟ್ಟ.

 ಆ ರಾತ್ರಿ ಅತ್ತೆ ಉಣ್ಣಲಿಲ್ಲ.

ನಲವತ್ತು ಕಳೆಯಿತು. ನಲವತ್ತೊಂದನೆಯ ದಿನ ನಸುಕಿಗೇ ಎಬ್ಬಿಸಿ, ನನಗೆ ಸ್ವೆಟರು, ಮೇಲೊಂದು ಶಾಲು ಹೊದಿಸಿ, "ಏಳು, ಹೋಗಾಣ" ಅಂದರು. ಎಲ್ಲಿಗೆ ಎಂದು ನಾನು ಕೇಳಲಿಲ್ಲ. ಮೊದಲ ಬಸ್ಸಿನಲ್ಲಿ ಹೊಸದುರ್ಗದ ರಸ್ತೆಯಲ್ಲಿ ಇಳಿದಾಗ ಹೊಲದ ಮೇಲೆಲ್ಲ ಮಂಜು. ಮೈಲಾರಪ್ಪ ರಸ್ತೆಯ ಬದಿಯಲ್ಲೇ ಎಲೆ ಅಡಿಕೆ ಹಾಕಿಕೊಳ್ಳುತ್ತಾ ಕೂತಿದ್ದ. ಅವನ ಹಿಂದೆ ಒಂದು ಕುರಿಯೂ ಇರಲಿಲ್ಲ.

"ಮಂದೆ ಎಲ್ಲೋ?" ಅಂದರು ಅತ್ತೆ.

"ಆಕಡೀಗೆ ಹೊಡ್ದೀನ್ರಿ, ಕೆರೆ ಹಿಂದಕ್ಕೆ. ಈ ತಿಂಗಳು ಅಲ್ಲೇ ಇರ್ಲಿ ಅಂತ."

ಅತ್ತೆ ಕೇಳಿದರು: "ಹೊಗೆ ಹಾಕಿದ್ರೇನೋ?"

"ಎಲ್ಲಿ ಹಾಕದು ನರ್ಸಮ್ಮ. ಕಟ್ಟಿಗೆ ಹಸಿ ಇತ್ತು, ಹತ್ತಲಿಲ್ಲ."

ನಮ್ಮ ಸೀಮೆಯಲ್ಲಿ, ಮಾಗಿಯಲ್ಲಿ, ಹಸಿ ಕಟ್ಟಿಗೆ! ಹುಲ್ಲಿಗೆ ಬೀಡಿಯ ಕಿಡಿ ಸೋಕಿದರೆ ಹೊಲವೇ ಹತ್ತಿ ಉರಿಯುವ ಕಾಲ ಅದು. ಅತ್ತೆ ಅವನ ಮುಖ ನೋಡಿದರು. ಅವನು ಎಲೆಗೆ ಸುಣ್ಣ ಹಚ್ಚುವುದರಲ್ಲಿ ಮುಳುಗಿದ್ದ.

"ಆ ದಿಣ್ಣೆ ಮೇಲೆ ಕುಂತ್ಕಳ್ರಿ" ಅಂದ, ಗದ್ದ ಎತ್ತಿ ತೋರಿಸುತ್ತಾ. "ಬಿಸ್ಲು ಬಿದ್ಮೇಲೆ ಹೊರಗೆ ಬತ್ತವೆ. ನಾಕು ಅವೆ."

ದಿಣ್ಣೆಯ ಮೇಲೆ ಕಂಬಳಿ ಹಾಸಿ ಕೂತೆವು. ಅತ್ತೆ ಕ್ಯಾಮೆರಾಕ್ಕೆ ಸುತ್ತಿದ್ದ ಬಟ್ಟೆ ಬಿಚ್ಚಿ, ಲೆನ್ಸನ್ನು ಒಂದು ಕಲ್ಲಿನ ಮೇಲೆ ಒರಗಿಸಿ, ತಾವು ನೋಡದೆ ನನ್ನನ್ನು ಅದರ ಮುಂದಕ್ಕೆ ಎಳೆದುಕೊಂಡರು. ಮೊದಲು ಬರೀ ಮಂಜು ಕಂಡಿತು. ಆಮೇಲೆ ಹಳ್ಳದ ದಂಡೆ, ಕೆಂಪು ಮಣ್ಣು, ಒಂದು ಕಪ್ಪು ಬಿಲ. ಬಿಸಿಲು ಬಿತ್ತು. ತಾಯಿ ಹೊರಗೆ ಬಂದು ಸುತ್ತ ಒಮ್ಮೆ ನೋಡಿ, ಮೈ ಚಾಚಿ ಬಿಸಿಲಿಗೆ ಅಡ್ಡಾಯಿತು. ಹಿಂದೆಯೇ ಮರಿಗಳು ಉರುಳಿಕೊಂಡು ಬಂದವು, ಒಂದರ ಮೇಲೊಂದು ಬಿದ್ದು, ತಾಯಿಯ ಹೊಟ್ಟೆಗೆ ಮೂತಿ ಹಾಕಿ ಜಗ್ಗತೊಡಗಿದವು. ಅದು ಬಾಯಿಂದ ಹೊಗೆಯಂಥ ಉಸಿರು ಬಿಡುತ್ತಾ ಕಣ್ಣು ಮುಚ್ಚಿಕೊಂಡಿತು.

ನನ್ನೆದೆಯೊಳಗೆ ಏನೋ ಸಡಿಲವಾಯಿತು. ದನಿ ಹೊರಗೆ ಬಂದರೆ ಅವು ಬೆದರಿ ಓಡುತ್ತವೆ ಎಂದು ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡೆ. ಅತ್ತೆ ಆ ಕೈಗಳನ್ನು ಒಂದೊಂದಾಗಿ ಬಿಡಿಸಿ ಕೆಳಗಿಳಿಸಿದರು.

"ಅಳವ್ವ" ಅಂದರು. "ದೂರ ಐತೆ. ಅದಕ್ಕೆ ಕೇಳ್ಸಲ್ಲ."

ಅತ್ತೆಯ ಮಡಿಲಲ್ಲಿ ಮುಖವಿಟ್ಟು ನಾನು ಅತ್ತೆ, ಮಂಜು ಪೂರ್ತಿ ಹರಿಯುವ ತನಕ.